ಲಾಯ್ಡ್ ಕಟ್ಟಿದ ರೋಮನ್ ಮಂಚ

ಸ್ಟುಟ್‌ಗಾರ್ಟ್‌ನಲ್ಲಿ ಲಾಯ್ಡ್ ಮಥಾಯಸ್‌ನ ಕೆಲಸ ಕಾರಿನ ಅಲ್ಯೂಮಿನಿಯಂ ಭಾಗಗಳಿಗೆ ಎರಕದ ಅಚ್ಚು ವಿನ್ಯಾಸ ಮಾಡುವುದು. ನಾನೂ ಅದೇ ಕಂಪನಿಯವನು. ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಗೆಳೆಯರಾದವರು ನಾವು. ಅವನು ಉಡುಪಿ ಹತ್ತಿರದ ಶಿರ್ವದವನು. ಒಂದು ಸಂಗತಿ ತಲೆಗೆ ಹೊಕ್ಕರೆ ಅದು ಮುಗಿಯುವ ತನಕ ಅವನಿಗೆ ಬೇರೇನೂ ಕಾಣಿಸುವುದಿಲ್ಲ.

ಒಮ್ಮೆ ಮಗಳು ಶೆರಿಲ್‌ಳ ಶಾಲೆಯ ಕೆಲಸಕ್ಕೆಂದು ಒಂದು ಮ್ಯೂಸಿಯಮ್ಮಿಗೆ ಹೋಗಿದ್ದ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮುಷ್ಟಿಗಿಂತ ತುಸು ದೊಡ್ಡದಾದ ಕಂಚಿನ ಹೇಸರಗತ್ತೆಯ ತಲೆಯಿತ್ತು. ಕಿವಿಗಳನ್ನು ಹಿಂದಕ್ಕೆ ಮಲಗಿಸಿ, ಹಲ್ಲು ತೋರಿಸುತ್ತಾ, ಕೊರಳಿಗೆ ದ್ರಾಕ್ಷಿ ಎಲೆಯ ಮಾಲೆ ಹಾಕಿಕೊಂಡು ಅದು ಯಾರನ್ನೋ ತಿರುಗಿ ನೋಡುತ್ತಿತ್ತು. ರೋಮನ್ನರು ಒರಗಿಕೊಂಡು ಊಟ ಮಾಡುತ್ತಿದ್ದ ಮಂಚದ ತಲೆದಿಂಬಿನ ಕಡೆಯ ಅಲಂಕಾರವದು. ಮರದ ಮಂಚ ಯಾವಾಗಲೋ ಮಣ್ಣಾಗಿತ್ತು.

"ಪಾಪ ಯತಿರಾಜ್, ಕೆಳಗೆ ಮಂಚವೇ ಇಲ್ಲ ಮಾರಾಯ. ಒಂದು ಮಾಡಿಕೊಡಬೇಕಲ್ಲ ಅದಕ್ಕೆ?" ಎಂದ ಮರುದಿನ ನನ್ನ ಬಳಿ.

ತಮಾಷೆ ಎಂದುಕೊಂಡೆ. ಅವನು ಮನೆಯ ಕೆಲ್ಲರಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಸೈಕಲ್ಲು, ಸೂಟ್‌ಕೇಸುಗಳನ್ನೆಲ್ಲ ಮೂಲೆಗೆ ತಳ್ಳಿ ಮೇಣದಲ್ಲಿ ಕತ್ತೆಯ ತಲೆ ತಿದ್ದಲು ಕೂತ. ಎಸ್ಲಿಂಗನ್‌ನ ಸಣ್ಣ ಎರಕಶಾಲೆಯೊಂದರಲ್ಲಿ ಶನಿವಾರ ಕುಲುಮೆ ಬಳಸಲು ಒಪ್ಪಿಗೆಯನ್ನೂ ಪಡೆದ. ಮೊದಲ ಎರಕದಲ್ಲಿ ಒಂದು ಕಿವಿಯ ತುದಿಗೆ ಮುಟ್ಟುವ ಮೊದಲೇ ಕಂಚು ತಣ್ಣಗಾಗಿ ಗಟ್ಟಿಯಾಯಿತು. ದಿನವೂ ಎರಕದ ಲೆಕ್ಕಾಚಾರವನ್ನೇ ಮಾಡುವ ಎಂಜಿನಿಯರು ಮೊಂಡುಕಿವಿಯ ಕತ್ತೆಯನ್ನು ಕೈಯಲ್ಲಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅದನ್ನು ಕರಗಿಸಲು ಮನಸ್ಸು ಬರಲಿಲ್ಲ. ಎರಡನೆಯದು ಸರಿಯಾಗಿ ಬಂತು. ದಿಂಬಿನ ಎರಡು ಬದಿಗೆ ಎರಡು ತಲೆ ಬೇಕಿತ್ತಲ್ಲ, ಮೊಂಡುಕಿವಿಯದು ಗೋಡೆ ಕಡೆಗಿರಲಿ ಎಂದು ತೀರ್ಮಾನವಾಯಿತು. ಆಮೇಲೆ ಅವೆರಡಕ್ಕೆ ತಕ್ಕಂತೆ ಮರದ ಮಂಚವನ್ನೂ ಅಲ್ಲೇ ಕಟ್ಟಿದ.

ಅವನ ಹೆಂಡತಿ ಲವೀನಾಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಒಮ್ಮೆ ನಾನು ಹೋದಾಗ ಗಂಡನನ್ನು ಕೊಂಕಣಿಯಲ್ಲಿ ಬೈದು, ನನಗೂ ಗೊತ್ತಾಗಲೆಂದು ಕನ್ನಡದಲ್ಲಿ ಇನ್ನೊಮ್ಮೆ ಬೈದರು. "ಹಾಲ್‌ಗೆ ಒಂದು ಸೋಫಾ ತರುವ ಅಂದರೆ ಟೈಮ್ ಇಲ್ಲ. ಕತ್ತೆಗೆ ಟೈಮ್ ಉಂಟು! ಆ ಮಂಚ ಕೆಲ್ಲರಿನಿಂದ ಮೇಲೆ ಬಂದರೆ ನಾನು ಮನೆಯಲ್ಲಿರುವುದಿಲ್ಲ, ನೋಡಿ."

ಶೆರಿಲ್ ಮೊಬೈಲಿನಿಂದ ತಲೆ ಎತ್ತದೆ "ಪೈನ್‌ಲಿಖ್" ಎಂದಳು. ಮುಜುಗರ ಎಂದರ್ಥ.

ಹಾಗಾಗಿ ಮಂಚ ಕೆಲ್ಲರಿನಲ್ಲೇ ಉಳಿಯಿತು. ಲಾಯ್ಡ್ ಆಗಾಗ ಕೆಳಗೆ ಹೋಗಿ ಕಂಚನ್ನು ಬಟ್ಟೆಯಿಂದ ಉಜ್ಜಿ ಬರುತ್ತಿದ್ದ.

ಕಳೆದ ಚಳಿಗಾಲ ಬೆಟ್ಟದ ಬೀದಿಗಳ ನಡುವಿನ ಕಲ್ಲುಮೆಟ್ಟಿಲಿಗೆ ಹಿಮ ಕಟ್ಟಿತ್ತು. ಟ್ರಾಮ್ ಹಿಡಿಯಲು ಅವಸರದಲ್ಲಿ ಇಳಿಯುತ್ತಿದ್ದ ಲವೀನಾ ಜಾರಿ ಕುಂಡಿಯ ಮೇಲೆ ಬಿದ್ದರು. ಬೆನ್ನುಮೂಳೆಯ ಕೊನೆಯ ತುಂಡಿಗೆ ಬಿರುಕು. ನಿಲ್ಲಬಹುದು, ಪಕ್ಕಕ್ಕೆ ಮಲಗಬಹುದು, ಕೂರುವಂತಿಲ್ಲ ಎಂದರು ಡಾಕ್ಟರು.

ಅಷ್ಟರಲ್ಲಿ ಶೆರಿಲ್‌ಳ ಹದಿನೆಂಟನೆಯ ಹುಟ್ಟುಹಬ್ಬ ಬಂತು. ಅವಳ ಗೆಳತಿಯರೂ ನಮ್ಮ ಮನೆಯವರೂ ಮಧ್ಯಾಹ್ನದ ಊಟಕ್ಕೆ ಸೇರಿದ್ದೆವು. ಲವೀನಾ ಬೆಡ್‌ರೂಮಿನಿಂದಲೇ "ನೀವೆಲ್ಲ ಊಟ ಮಾಡಿ. ನನಗೆ ಇಲ್ಲಿಗೇ ಒಂದು ಪ್ಲೇಟ್ ಸಾಕು" ಎಂದರು. ಕೊನೆಯ ಮಾತಿಗೆ ದನಿ ಸ್ವಲ್ಪ ನಡುಗಿತು. 

ಶೆರಿಲ್ ಎದ್ದು ನಿಂತಳು. "ಪಪ್ಪಾ, ಕತ್ತೆ ಮಂಚ. ತರುವ."

ಲಾಯ್ಡ್ ಅವಳ ಮುಖವನ್ನೇ ನೋಡಿದ. ಆಮೇಲೆ ಅವನೂ ನಾನೂ ಕೆಳಗೆ ಓಡಿದೆವು. ಮೆಟ್ಟಿಲ ತಿರುವಿನಲ್ಲಿ ಮಂಚದ ಒಂದು ಕಾಲು ಗೋಡೆಗೆ ತಾಗಿ ಸುಣ್ಣ ಉದುರಿತು; ಹೇಗೋ ಮೇಲೆ ಬಂತು. ಲವೀನಾ ಮೆಲ್ಲನೆ ನಡೆದು ಬಂದು, ಅದನ್ನು ಒಮ್ಮೆ ನೋಡಿ, ಎಡ ಮೊಣಕೈ ದಿಂಬಿಗೆ ಊರಿ ಒರಗಿದರು. ನೋವಾಗಲಿಲ್ಲ. ಇನ್ನೂ ಸ್ವಲ್ಪ ಒರಗಿದರು.

"ಬಲಗೈ ಫ್ರೀ ಉಂಟಲ್ಲ, ಅದರಲ್ಲೇ ತಿನ್ನುವುದು. ರೋಮನ್ನರೂ ಹಾಗೇ" ಎಂದ ಲಾಯ್ಡ್ ಸಂಕೋಚದಿಂದ.

"ನಿಮ್ಮ ರೋಮನ್ನರು ಆಮೇಲೆ. ಕೋರಿ ರೊಟ್ಟಿ ಮೆತ್ತಗಾಗುವ ಮೊದಲು ಬಡಿಸಿ ಮಾರಾಯ್ರೆ!"

ಗಿಡ್ಡ ಮೇಜನ್ನು ಮಂಚದ ಬಳಿಗೆ ಎಳೆದೆವು. ಶೆರಿಲ್‌ಳ ಜರ್ಮನ್ ಗೆಳತಿಯರು ಚಾಕು ಫೋರ್ಕು ಬಿಟ್ಟು ನೆಲದ ಮೇಲೆ ಸುತ್ತ ಕೂತರು, ಕೈಯಲ್ಲೇ ಗರಿಗರಿ ರೊಟ್ಟಿ ಮುರಿದು ಕೋಳಿಸಾರಿನಲ್ಲಿ ನೆನೆಸಿದರು. ನಾನೂ ನಮ್ಮ ಮನೆಯವರೂ ಕುರ್ಚಿಯಿಂದ ಇಳಿದು ಕೂತೆವು. ಮಾತಿನ ನಡುವೆ ಲವೀನಾರ ಬೆರಳು ತನ್ನಷ್ಟಕ್ಕೇ ಹೇಸರಗತ್ತೆಯ ಕೊರಳ ಎಲೆಗಳ ಮೇಲೆ ಆಡುತ್ತಿತ್ತು. ಲಾಯ್ಡ್ ಅದನ್ನು ಕಂಡು, ಸಾರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಅಲ್ಲೇ ಇದ್ದ.

ಮೂಳೆ ಕೂಡಿಕೊಂಡಿತು. ಮಂಚ ಕೆಳಗೆ ಹೋಗಲೇ ಇಲ್ಲ. ಈಗ ಅದರ ಪಕ್ಕಕ್ಕೊಂದು ಕಂಚಿನ ದೀಪದ ಕಂಬ ತಯಾರಾಗುತ್ತಿದೆ, ಸಿಂಹದ ಮೂರು ಪಾದಗಳ ಮೇಲೆ ನಿಲ್ಲುವಂಥದ್ದು. ಮೊನ್ನೆ ಹೋದಾಗ ಅಡುಗೆಮನೆಯ ಮೇಜಿನೆದುರು ಮೇಣ ಹಿಡಿದು ಕೂತಿದ್ದವರು ಲವೀನಾ.

"ಇವರಿಗೆ ಸಿಂಹ ಬೇಕಂತೆ ಯತಿರಾಜ್. ನನಗೆ ಬರುವುದು ಬೆಕ್ಕಿನ ಕಾಲು. ಅದರಲ್ಲೇ ನಿಲ್ಲಲಿ ಅಂದಿದ್ದೇನೆ."