ಸುಂಕಲಮ್ಮನ ಅಳತೆಯ ರವಿಕೆಗಳು

ಸುಂಕಲಮ್ಮನಿಗೆ ಎದೆಯಲ್ಲಿ ಗಂಟು ಸಿಕ್ಕಿದ್ದು ೧೯೯೮ರ ಬೇಸಿಗೆಯಲ್ಲಿ. ದಾವಣಗೆರೆಯ ಅರ್ಧ ಹೆಂಗಸರಿಗೆ ರವಿಕೆ ಹೊಲಿದವಳಿಗೆ ತನ್ನ ಮೈ ನೋಡಿಕೊಳ್ಳಲು ಪುರಸೊತ್ತು ಇರಲಿಲ್ಲ. ಗಂಟು ನಿಂಬೆಹಣ್ಣಿನಷ್ಟಾದ ಮೇಲೆ ಆಸ್ಪತ್ರೆಗೆ ಹೋದಳು. ಕ್ಯಾನ್ಸರ್, ತೆಗೆಯಬೇಕು, ತಡ ಮಾಡಬೇಡ ಎಂದರು ಡಾಕ್ಟರು. ಖರ್ಚು ಕೇಳಿ ಅವಳು ಅಲ್ಲೇ ನಕ್ಕುಬಿಟ್ಟಳು. ಹೊಲಿಗೆ ಮಿಷಿನ್ನು ಮಾರಿದರೂ ಅದರ ಕಾಲು ಭಾಗ ಹುಟ್ಟುತ್ತಿರಲಿಲ್ಲ.

ಮನೆಯಲ್ಲಿ ಯಾರಿದ್ದಾರೆಂದರೆ ಯಾರೂ ಇಲ್ಲ. ಗಂಡ ಕಲ್ಲಪ್ಪ ಹರಿಹರದ ಕಾರ್ಖಾನೆಗೆ ಕೆಲಸಕ್ಕೆ ಹೋದವನು ಅಲ್ಲೇ ಭೀಮವ್ವ ಎಂಬುವಳ ಜೊತೆ ಸಂಸಾರ ಹೂಡಿದ್ದ. ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಇಷ್ಟು ವರ್ಷದಲ್ಲಿ ಆ ಪುಣ್ಯಾತ್ಮನಿಗೆ ಆ ಬಸ್ಸು ಸಿಗಲೇ ಇಲ್ಲ. ಇವಳೂ ಹುಡುಕಿಕೊಂಡು ಹೋಗಲಿಲ್ಲ. ತಾಳಿಯನ್ನು ಮಾತ್ರ ತೆಗೆದಿರಲಿಲ್ಲ.

ರವಿಕೆ ಹೊಲಿದುಕೊಟ್ಟ ಮನೆಗಳಿಗೇ ಹೋಗಿ ಕೈಚಾಚಿದಳು. ಎದೆ ಎನ್ನಲು ನಾಚಿಕೆಯಾಗಿ, ಹೊಟ್ಟೆಯಲ್ಲಿ ಗಡ್ಡೆ ಎಂದಳು. ನಿಜಲಿಂಗಪ್ಪ ಬಡಾವಣೆಯ ಕಸ್ತೂರಮ್ಮ ಕೇಳಿ ಕಣ್ಣೀರೇ ಹಾಕಿದರು.

"ರೊಕ್ಕ ಎಲ್ಲಾ ನಮ್ಮನೆಯೋರ ಕೈಯಾಗೆ ಐತವ್ವ, ನಾನೇನು ಮಾಡ್ಲಿ? ಮುತ್ತೈದೆ ಬರಿಗೈಲಿ ಹೋಗಬಾರ್ದು, ತಡಿ," ಎಂದು ಒಳಗಿನಿಂದ ಅಕ್ಕಿ, ತೆಂಗಿನಕಾಯಿ, ಒಂದು ರವಿಕೆ ಕಣ ತಂದು ಉಡಿ ತುಂಬಿದರು.

ಹೋದಲ್ಲೆಲ್ಲ ಇದೇ ಕಥೆ. ಗಂಡಸರ ಗಲ್ಲಾಪೆಟ್ಟಿಗೆ ಹೆಂಗಸರ ಕಣ್ಣೀರಿಗೆ ತೆರೆಯುವುದಿಲ್ಲ. ಕಣಕ್ಕೆ ಮಾತ್ರ ಯಾವ ಮನೆಯಲ್ಲೂ ಬರವಿಲ್ಲ. ಅವನ್ನು ಯಾರಾದರೂ ಹೊಲಿಸಿಕೊಳ್ಳುತ್ತಾರೆಯೇ ಎಂದರೆ ಅದೂ ಇಲ್ಲ. ಈ ಮನೆಯ ಉಡಿಯಿಂದ ಆ ಮನೆಯ ಉಡಿಗೆ ಊರೆಲ್ಲ ಸುತ್ತುತ್ತಿರುತ್ತವೆ. ರೂಮಿಗೆ ಬಂದು ಚೀಲ ಸುರುವಿದಾಗ ಸುಂಕಲಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಲ್ಲಪ್ಪ ಕಟ್ಟಿದ ತಾಳಿಯಿಂದ ಆದ ಒಂದೇ ಲಾಭ ಈ ಬಟ್ಟೆಯ ರಾಶಿ.

ಪಕ್ಕದ ರೂಮಿನ ದಿಲ್ಷಾದ್ ಬೇಗಂ ಬಾಗಿಲಲ್ಲೇ ನಿಂತು, "ಮಾರಿಬಿಡು," ಎಂದಳು.

"ಉಡೀಗೆ ಹಾಕಿದ್ದು ಮಾರಬಾರ್ದು."

"ಕಣ ಮಾರಬ್ಯಾಡ, ಜಂಪರ್ ಹೊಲ್ದು ಮಾರು. ಅದಕ್ಕೂ ಶಾಸ್ತ್ರ ಐತೇನು?"

ಇರಲಿಲ್ಲ. ಆದರೆ ಯಾರ ಅಳತೆಗೆ ಹೊಲಿಯುವುದು? ಸುಂಕಲಮ್ಮ ತನ್ನದೇ ಹಳೆಯ ರವಿಕೆಯ ಹೊಲಿಗೆ ಬಿಚ್ಚಿ ಹಾಸಿಕೊಂಡು, ಎಲ್ಲ ಕಣಗಳನ್ನೂ ಆ ಅಳತೆಗೆ ಕತ್ತರಿಸಿದಳು. ಇನ್ನು ಸ್ವಲ್ಪ ದಿನಕ್ಕೆ ಆ ಅಳತೆ ತನ್ನದಾಗಿರುವುದಿಲ್ಲ ಎಂಬುದು ಕತ್ತರಿ ಆಡಿಸುವಾಗಲೆಲ್ಲ ನೆನಪಾಗಿ ಸಂಕಟವಾಗುತ್ತಿತ್ತು.

ದಾವಣಗೆರೆಯಲ್ಲಿ ಕೂತರೆ ಕೊಟ್ಟವರೇ ಗುರುತು ಹಿಡಿದಾರೆಂದು ಹರಿಹರದ ಸಂತೆಗೆ ಹೋದಳು. ಮೊದಲ ವಾರ ಒಂದೂ ಹೋಗಲಿಲ್ಲ. "ಹೊಲ್ದಿದ್ ಜಂಪರ್ ಯಾರ್ ತಗಂತಾರೆ ಬಿಡಮ್ಮ," ಎಂದು ಪಕ್ಕದ ಬಳೆ ವ್ಯಾಪಾರಿ ಮಸ್ತಾನಸಾಬ್ ನಕ್ಕ. ಮರುವಾರವೂ ಬಂದು ಕೂತಳು, ಅದರ ಮರುವಾರವೂ. ಟೈಲರ್ ಅಂಗಡಿಗೆ ತಿರುಗಲು ಬಿಡುವಿಲ್ಲದ ಕೂಲಿ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು. ಬಿಗಿಯಾದವರಿಗೆ ಅಲ್ಲೇ ಪಕ್ಕ ಬಿಚ್ಚಿ ಸಡಿಲ ಮಾಡಿಕೊಟ್ಟಳು. ಕಣ ಮುಗಿದಾಗ ಮತ್ತೆ ಮನೆಗಳಿಗೆ ಹೋದಳು. ಉಡಿ ತುಂಬಲು ಯಾರೂ ಒಲ್ಲೆ ಎನ್ನಲಿಲ್ಲ. ಡಾಕ್ಟರ ಕೈಯಲ್ಲಿ ಎರಡು ಸಲ ಬೈಸಿಕೊಂಡ ಮೇಲೆ, ಮಿಷಿನ್ನನ್ನೂ ಒತ್ತೆಯಿಟ್ಟು, ಅಂತೂ ಹಣ ಕೂಡಿತು. ಹೊಲಿದಿಟ್ಟು ಉಳಿದಿದ್ದವನ್ನು ಇನ್ನೊಂದು ಸಂತೆಯಲ್ಲಿ ಮಾರಿದರೆ ಔಷಧಿಗೂ ಆಗುತ್ತಿತ್ತು.

ಆ ಕೊನೆಯ ಸಂತೆಯಲ್ಲಿ ಒಬ್ಬ ಹೆಂಗಸು ಬಂದು ಹಸಿರು ರವಿಕೆಯನ್ನು ಮೈಗೆ ಹಿಡಿದು ನೋಡಿದಳು. ಅವಳ ಹಿಂದೆ ಕೈಚೀಲ ಹಿಡಿದು ಬರುತ್ತಿದ್ದವನು ಕಲ್ಲಪ್ಪ. ಸುಂಕಲಮ್ಮನನ್ನು ಕಂಡವನೇ ಬೀಡಿ ಅಂಗಡಿಯ ಕಡೆ ತಿರುಗಿ ನಿಂತುಬಿಟ್ಟ. ಹಾಗಾದರೆ ಈಕೆಯೇ ಭೀಮವ್ವ.

"ನನ್ನ ಮೈ ಅಳೆದೇ ಹೊಲ್ದಂಗೈತಲ್ಲಕ್ಕಾ! ಯಾರ ಅಳತಿ ಇದು?"

"ನಂದೇ."

"ನಿಮಗೆ ದೊಡ್ಡದಾಗ್ತೈತಲ್ರಿ. ಬಾಳ ಸೊರಗೀರಿ. ಮೈಯಾಗೆ ಆರಾಮಿಲ್ಲೇನು?"

ಹಾಗೆ ಮುಖ ನೋಡಿ ಕೇಳಿದವರು ಬೇರೆ ಯಾರೂ ಇರಲಿಲ್ಲ. ಊರಿಗೆಲ್ಲ ಹೊಟ್ಟೆ ಎಂದು ಸುಳ್ಳು ಹೇಳಿಕೊಂಡು ಬಂದವಳ ಬಾಯಿಂದ ನಿಜ ಹೊರಬಿತ್ತು. "ಎದಿಯಾಗೆ ಗಂಟು. ಕ್ಯಾನ್ಸರ್. ಸೋಮವಾರ ತೆಗಿತಾರೆ."

ಭೀಮವ್ವ ಅವಳ ಕೈ ಹಿಡಿದುಕೊಂಡಳು. "ಆಸ್ಪತ್ರ್ಯಾಗೆ ಜೊತಿಗೆ ಯಾರದಾರೆ?"

"ಯಾರಿಲ್ಲ."

"ಅಯ್ಯ, ಒಬ್ರೇ ಹೆಂಗಿರ್ತೀರಿ? ನಮ್ಮನೆಯೋರ್ನ ಕಳಿಸ್ತೀನಿ ತಡೀರಿ. ಔಷಧಿ ತರಾಕೆ, ಓಡಾಡಾಕೆ ಒಬ್ಬ ಗಂಡಸು ಬೇಕಾಗ್ತೈತೆ. ಬಾಳ ಒಳ್ಳೇರು, ಇಲ್ಲ ಅನ್ನಂಗಿಲ್ಲ. ಅಗೋ, ಅಲ್ಲಿ ನಿಂತಾರೆ."

ಸುಂಕಲಮ್ಮ ನೋಡಿದಳು. ಕಲ್ಲಪ್ಪನ ಬೆನ್ನು ಕಾಣುತ್ತಿತ್ತು. ಅಂಗಿಯ ಹೆಗಲಲ್ಲಿ ಹೊಲಿಗೆ ಬಿಟ್ಟಿತ್ತು. ಒಂದು ಮಾತು ಆಡಿದ್ದರೆ ಸಾಕು, ಅವನು ಬರಲೇಬೇಕಾಗುತ್ತಿತ್ತು. ಕೈ ಹಿಡಿದು ನಿಂತ ಈ ಹೆಂಗಸಿನ ಸಂಸಾರವೂ ಅಲ್ಲೇ ಮುಗಿಯುತ್ತಿತ್ತು. ಆ ಮಾತು ಗಂಟಲವರೆಗೆ ಬಂತು.

"ಬ್ಯಾಡ ತಂಗಿ," ಎಂದಳು. "ಅವರು ನಿನ್ನ ಜೊತಿಗೇ ಇರ್ಲಿ."

ಭೀಮವ್ವ ದುಡ್ಡು ಕೊಟ್ಟು, ತಿರುತಿರುಗಿ ನೋಡುತ್ತ ಹೋದಳು. ಸುಂಕಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದೆ ಇನ್ನೂ ಎರಡು ರವಿಕೆ ಉಳಿದಿದ್ದವು. "ಬರ್ರಿ, ಜಂಪರ್ ನೋಡ್ರಿ," ಎಂದು ಕೂಗಿದಳು.