ಏಳನೇ ತಿಂಗಳವರೆಗೆ ಬಿಗಿದ ಕುಬಸ

ಚೊಚ್ಚಲ ಬಸುರಿಯನ್ನು ಬಿಗಿದ ಕುಬಸದಲ್ಲಿ ಇಡುವುದು ತಪ್ಪು. ಶಾಸ್ತ್ರದ ಹೆಸರಿನಲ್ಲಿ ಮಾಡಿದರೂ ತಪ್ಪೇ. ಕೂಲಿ ಹೆಂಗಸರ ಸಭೆಗೆಂದು ಹಿರೇಕೆರೂರಿಗೆ ಹೋದಾಗ, ಸಂತೆಯ ದರ್ಜಿ ಅಂಗಡಿಯಲ್ಲಿ ಅಂಥ ಒಬ್ಬ ಸೊಸೆ ಅತ್ತೆಯ ಪಕ್ಕ, ಬಿಗಿದ ರವಿಕೆಯಲ್ಲಿ ಉಸಿರು ಹಿಡಿದುಕೊಂಡು ನಿಂತಿದ್ದಳು.

“ಇಕಿಗೊಂದು ಸಡಿಲ ಕುಬಸ ಹೊಲಿಸ್ರಿ,” ಎಂದೆ ಅವಳ ಅತ್ತೆಗೆ.

“ಏಳನೇ ತಿಂಗಳದಾಗ ತವರಿನವರು ತರ್ತಾರ್ರಿ ಅಕ್ಕಾರ. ಅಲ್ಲೀತನಕ ಬಸುರಿ ಹೊಸಾದು ತೊಡಬಾರದು.”

“ಅಲ್ಲೀತನಕ ಬೆಳೀಬ್ಯಾಡ ಅಂತ ಹೊಟ್ಟ್ಯಾಗಿನ ಕೂಸಿಗೂ ಹೇಳೀರೇನು?”

ಸೊಸೆ ನಕ್ಕಳು. ಕಂಕುಳ ಹೊಲಿಗೆ ಪಟ್ಟನೆ ಬಿಚ್ಚಿತು. ಅತ್ತೆ ನನ್ನನ್ನು ಗುರಾಯಿಸಿ, ದರ್ಜಿಯ ಮುಂದೆ ತನ್ನ ದಪ್ಪ ತೋಳು ಚಾಚಿದಳು.

“ನನ್ನ ಅಳತಿ ತಗೋಪಾ. ಒಂದಿನ ನಾ ತೊಡ್ತೇನಿ, ಮರುದಿನ ಅದು ಹಳೇದು ಆಗತೈತಿ. ಹಳೇದು ಇಕಿ ತೊಟ್ರ ಯಾರೇನಂತಾರ?”

ಅದಕ್ಕೇ ಹೇಳುತ್ತೇನೆ: ಅತ್ತೆಯರೇ, ಶಾಸ್ತ್ರ ಬಿಡಲಾಗದಿದ್ದರೆ ಇಟ್ಟುಕೊಳ್ಳಿ. ಸೊಸೆಯ ಹೊಟ್ಟೆ ಕಾಣತೊಡಗಿದ ಕೂಡಲೇ ದರ್ಜಿಗೆ ನಿಮ್ಮ ಅಳತೆ ಕೊಟ್ಟು ಬನ್ನಿ.