ಎಡಬದಿಯ ಕೊಂಡಿಗಳು

ಮಾಲೂರಿನಲ್ಲಿ ಹಳೆಯ ಕಾರುಗಳ ತಗಡಿನ ಕೆಲಸ ಮಾಡುವ ಗೌಸ್ ಭಾಯಿ ಕಳೆದ ತಿಂಗಳು ನನ್ನ ಅಂಗೈಯಲ್ಲಿಟ್ಟದ್ದು ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಕಬ್ಬಿಣದ ಕೊಂಡಿ. ತುಕ್ಕು ಹಿಡಿದಿತ್ತು. ಅದರ ಕೊರಳಲ್ಲಿ, ಹಳೆಯ ಹಸಿರು ಬಣ್ಣದ ಪದರದಡಿ, ಹೂದಾರದ ಗಂಟೊಂದು ಕಲ್ಲಿನಂತೆ ಕೂತಿತ್ತು. ನಾನು ಅದನ್ನು ಮೂಸಿ ನೋಡಿದೆ. ಹೂವಿನ ವಾಸನೆ ಅಷ್ಟು ಕಾಲ ಉಳಿಯುವುದಿಲ್ಲವೆಂದು ಬಲ್ಲವರೂ ಹೀಗೆ ಮೂಸುವುದುಂಟು, ನೀವು ನಗಬಾರದು. ಬಂದದ್ದು ಗ್ರೀಸಿನ ವಾಸನೆ ಮಾತ್ರ.

ಕೊಂಡಿ ನನ್ನ ಸೋದರಮಾವನ ಕಾರಿನದು. ಮಾವ ಮುಳಬಾಗಿಲಿನಲ್ಲಿ ಡಾಕ್ಟರಾಗಿದ್ದರು. ಎರಡು ಅಂಗಿಗಳಲ್ಲಿ ವರ್ಷ ಕಳೆಯುತ್ತಿದ್ದ ಆ ಮಿತವ್ಯಯಿ ಯಾವ ಗಳಿಗೆಯಲ್ಲಿ ಮನಸೋತರೋ ತಿಳಿಯದು. ಚಿನ್ನದ ಗಣಿಯ ಕೆಲಸ ಬಿಟ್ಟು ಹೊರಟಿದ್ದ ಇಂಜಿನಿಯರೊಬ್ಬರಿಂದ ಎರಡೇ ಸೀಟಿನ, ಮೇಲ್ಹೊದಿಕೆ ಮಡಚುವ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ಕೊಂಡುಬಿಟ್ಟರು. ಅದರ ಎರಡೂ ಬಾಗಿಲುಗಳ ಮೇಲೆ ಒಂದೊಂದು ಹೊಳೆಯುವ ಪಟ್ಟಿ. ಪಟ್ಟಿಯನ್ನು ಹಿಡಿದಿಡಲು ಹಿಂದೆ ಅಡಗಿದ ಸಣ್ಣ ಕ್ಲಿಪ್ಪುಗಳು. ಬಲಬದಿಯಲ್ಲಿ ಇಂದಿಗೂ ಎಲ್ಲ ಹಾಗೆಯೇ ಇದೆ. ಎಡಬದಿಯಲ್ಲಿ ಪಟ್ಟಿಯಿಲ್ಲ, ಕ್ಲಿಪ್ಪುಗಳ ಜಾಗದಲ್ಲಿ ಈ ಕೊಂಡಿಗಳು. ಮಾವನ ನಂತರ ಕಾರು ನನ್ನ ಪಾಲಿಗೆ ಬಂದಾಗ, ಅವರು ಕೊಂಡ ದಿನ ಹೇಗಿತ್ತೋ ಹಾಗೆ ಅದನ್ನು ನಿಲ್ಲಿಸಬೇಕೆಂದು ಸಂಕಲ್ಪಿಸಿದೆ. ಅವರ ನೆನಪಿಗೆ ಸಲ್ಲಬೇಕಾದ ಗೌರವ ಅದೇ ಎಂದು ನಂಬಿದ್ದೆ.

“ನಮ್ಮ ಅಬ್ಬಾ ಕೈಕೆಲಸ ಸಾರ್ ಇದು,” ಎಂದರು ಗೌಸ್ ಭಾಯಿ. “ಅಂದ ಇಲ್ಲ, ಗಟ್ಟಿ ಇದೆ. ಅವರೂ ಹಂಗೇ ಇದ್ರು.” ಬಾಗಿಲಿನ ಮೇಲೆ ಬೆರಳಾಡಿಸಿದರು. “ಸುತ್ತ ತುಕ್ಕು ತಿಂದಿದೆ. ಕತ್ತರಿಸಿ ಹೊಸ ತಗಡು ಹಾಕ್ಲೇಬೇಕು. ಆಮೇಲೆ ಏನ್ ಕೂರಿಸ್ಲಿ? ಪಟ್ಟಿ ತಂದ್ರೆ ಕ್ಲಿಪ್ ಮಾಡಿಕೊಡ್ತೀನಿ. ತರ್ಲಿಲ್ಲ ಅಂದ್ರೆ ಸಪಾಟಾಗಿ ಮುಚ್ಚಿಬಿಡ್ತೀನಿ. ಈ ಕೊಂಡಿಗಳು ಗುಜರಿಗೆ.”

“ಮೂಲದಲ್ಲಿ ಹೇಗಿತ್ತೋ ಹಾಗೇ ಆಗಬೇಕು. ಪಟ್ಟಿ ನಾನು ತರ್ತೀನಿ,” ಎಂದೆ. ಅದು ಯಾರ ಕೈಸೇರಿತ್ತೆಂದು ನನಗೆ ಗೊತ್ತಿತ್ತು.

ಆಗ ನಾನು ಕಾಲೇಜಿನಲ್ಲಿದ್ದೆ. ಮದುವೆಯ ಮೆರವಣಿಗೆಯೆಂಬುದು ಬರೀ ಆಡಂಬರ ಎಂದು ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಗೆದ್ದು ಬಂದಿದ್ದೆ. ಅದೇ ವಾರ ಮಾವ ನನ್ನನ್ನು ನಂಗಲಿಯ ಆಚೆಯ ಒಂದು ಊರಿಗೆ ಕರೆದೊಯ್ದರು, ಮೆರವಣಿಗೆಗೇ. ಅಲ್ಲಿನ ದಲಿತ ಕೇರಿಯ ವಧೂವರರು ದೊಡ್ಡ ಬೀದಿಯಲ್ಲಿ ಮೆರೆಯಕೂಡದೆಂದು ಊರ ಹಿರಿಯರು ತಡೆದಿದ್ದರು. ಮಾವ ಅವರೆದುರು ಹೋಗಿ ನಿಂತು, “ನಡುರಾತ್ರೀಲಿ ನಿಮ್ಮ ಮನೆ ಬಾಗಿಲಿಗೆ ಬರೋ ಗಾಡಿನೇ ಇದು. ಇವತ್ತು ಹಗಲು ಹೊತ್ತು ಬರತ್ತೆ, ಅಷ್ಟೇ,” ಎಂದರು. ಡಾಕ್ಟರನ್ನು ಎದುರು ಹಾಕಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ. ಗಾಡಿ ಹೋಗಲಿ, ಆದರೆ ಬೀದಿಯಲ್ಲಿ ನಿಲ್ಲಕೂಡದು ಎಂದು ಕೊನೆಗೆ ಒಪ್ಪಿದರು.

ಮಡಚಿದ ಹೊದಿಕೆಯ ಮೇಲೆ ಗಂಡುಹೆಣ್ಣು ಕೂತರು. ಹೂವಿನ ಸರಗಳನ್ನು ಎಡಬಾಗಿಲಿನ ಪಟ್ಟಿಗೆ ಬಿಗಿದು, ಬಾನೆಟ್ಟಿನ ಮೇಲೆ ಹಾಯಿಸಿ ಕಟ್ಟಿದ್ದರು. ನಾನು ಗಾಡಿಯ ಮುಂದೆ ನಡೆದೆ, ಸಮಾನತೆಯ ಬಗ್ಗೆ ಮುಂದೆಂದೋ ಮಾಡಲಿದ್ದ ಭಾಷಣವನ್ನು ಮನಸ್ಸಿನಲ್ಲೇ ಜೋಡಿಸುತ್ತ. ಅರಳಿಕಟ್ಟೆಯ ಎದುರು ಸರಗಳ ಭಾರಕ್ಕೆ ಪಟ್ಟಿ ಕಿತ್ತುಬಂದು, ಹೂವಿನ ಸಮೇತ ಮಣ್ಣಿಗೆ ಬಿತ್ತು. ಕಟ್ಟೆಯ ಮೇಲಿಂದ ಯಾರೋ, “ಹೂವೂ ನಿಲ್ಲಲಿಲ್ಲ ನೋಡ್ರೋ ಇವರಿಗೆ!” ಎಂದು ನಕ್ಕರು. ಭಾಷಣದಿಂದ ಎಚ್ಚೆತ್ತು ನಾನು ತಿರುಗುವಷ್ಟರಲ್ಲಿ ಗಾಡಿ ಮತ್ತೆ ಚಲಿಸುತ್ತಿತ್ತು. ಪಟ್ಟಿ ಮದುಮಗಳ ತೊಡೆಯ ಮೇಲಿತ್ತು.

ಸ್ವಲ್ಪ ದಿನಕ್ಕೇ ಮಾವ ಕಾರನ್ನು ಮಾಲೂರಿಗೆ ಒಯ್ದು ಕೊಂಡಿಗಳನ್ನು ಹಾಕಿಸಿದರು. ಕೇಳಿದ್ದಕ್ಕೆ, “ಇನ್ಮೇಲೆ ಬೀಳಲ್ಲ ಕಣೋ,” ಎಂದರು, ಅಷ್ಟೇ. ಆಮೇಲೆ ಅದೆಷ್ಟೋ ಜೋಡಿಗಳು, ಹೂಸರಗಳನ್ನು ಆ ಕೊಂಡಿಗಳಿಗೆ ಬಿಗಿದು, ಆ ಗಾಡಿಯಲ್ಲಿ ಮೆರೆದವು. ಕೈತಪ್ಪಿಹೋದ ಪಟ್ಟಿಗಾಗಿ ಮಾವ ಒಳಗೊಳಗೇ ಮರುಗಿರಬೇಕೆಂದು ನಾನೇ ಊಹಿಸಿಕೊಂಡಿದ್ದೆ.

ಅಂದಿನ ಮದುಮಗಳು ರತ್ನಮ್ಮ ಈಗ ಮೊಮ್ಮಕ್ಕಳ ಅಜ್ಜಿ. ಅವರ ಮನೆಯೆದುರು ನಿಂತಾಗ ನಾನು ಕೇಳುವ ಅಗತ್ಯವೇ ಬೀಳಲಿಲ್ಲ. ಬಾಗಿಲಿನ ಮೇಲೆ, ಎರಡು ಮೊಳೆಗಳ ಆಧಾರದಲ್ಲಿ, ಪಟ್ಟಿ ಹೊಳೆಯುತ್ತಿತ್ತು. ಅದರಿಂದ ಮಾವಿನೆಲೆಯ ತೋರಣ ಇಳಿಬಿದ್ದಿತ್ತು. ಬಂದ ಕಾರಣವನ್ನು ಸಾಧ್ಯವಾದಷ್ಟು ವಿನಯದಿಂದ ಹೇಳಿದೆ.

“ಅದಕ್ಕೇನಂತೆ ಸಾಮಿ, ತಗೊಂಡೋಗಿ. ಡಾಕ್ಟ್ರಪ್ಪನ ಗಾಡೀದೇ ಅಲ್ವಾ?” ಎಂದವರು ಒಳಗಿದ್ದ ಮೊಮ್ಮಗಳಿಗೆ, “ಕುರ್ಚೀ ತೀಸ್ಕೊನಿ ರಾವೇ,” ಎಂದು ತೆಲುಗಿನಲ್ಲಿ ಕೂಗಿದರು. ಕುರ್ಚಿ ಬಂತು. ನಾನು ಹತ್ತಲಿಲ್ಲ.

“ಇದು ನಿಮ್ಮ ಹತ್ರಾನೇ ಹೇಗೆ ಉಳೀತು?” ಎಂದು ಕೇಳಿದೆ.

“ನೀವೂ ಇದ್ರಲ್ಲ ಅವತ್ತು, ನೋಡ್ಲಿಲ್ವಾ?”

“ನಾನು ಮುಂದೆ ನಡೀತಿದ್ದೆ.”

“ಹೂಂ, ಕತ್ತೆತ್ಕೊಂಡು ಹೋಗ್ತಿದ್ರಿ,” ಎಂದು ನಕ್ಕು, ಆಕೆ ಕುರ್ಚಿಯ ಬೆನ್ನನ್ನು ಹಿಡಿದು ನಿಂತರು. “ಇದು ಬಿತ್ತಾ, ಡಾಕ್ಟ್ರು ಗಾಡಿ ನಿಲ್ಲಿಸಿಬಿಟ್ರು. ನಿಲ್ಲಿಸ್ಬಾರ್ದು ಅಂದಿದ್ರಲ್ಲ, ನಿಲ್ಲಿಸಿಬಿಟ್ರು. ನಮ್ಮೆಜಮಾನ್ರು ಇಳಿಯೋಕೆ ಹೋದ್ರು. ‘ನೀವು ಕೂತ್ಕೊಳಿ, ನಾನ್ ಇಳೀತೀನಿ’ ಅಂದ್ರು ಡಾಕ್ಟ್ರು. ಇಳಿದು, ಆ ಜನದ ಮುಂದೆ ಬಗ್ಗಿ ಎತ್ತಿ, ಅಂಗಿಯಲ್ಲಿ ಮಣ್ಣೊರಸಿ ನನ್ನ ಕೈಗೆ ಕೊಟ್ರು. ಕಟ್ಟೆ ಮೇಲಿನೋರೆಲ್ಲ ನೋಡ್ತಾನೇ ಇದ್ರು. ಡಾಕ್ಟ್ರು ಕೆಳಗೆ, ನಾವು ಮೇಲೆ. ಆಮೇಲೆ ವಾಪಸ್ ಕೊಡೋಕೆ ಹೋದ್ರೆ, ‘ನಿನ್ನ ಹತ್ರಾನೇ ಇರ್ಲಿ ತಾಯಿ, ಗಾಡಿಗೆ ಬೇರೆ ಮಾಡಿಸ್ತೀನಿ’ ಅಂದ್ರು.”

ಮೂಲಕ್ಕೆ ಮರಳಿಸುವುದೇ ಗೌರವವೆಂದು ನಾನು ನಂಬಿದ್ದೆ. ಮಾವನಾದರೋ ತಾವೇ ತಿಳಿದು ಅದನ್ನು ಕೊಟ್ಟುಬಿಟ್ಟು, ಕೊಟ್ಟ ಜಾಗದಲ್ಲಿ ಕೊಂಡಿಗಳನ್ನು ನೆಟ್ಟಿದ್ದರು. ನಾನು ಅಳಿಸಹೊರಟದ್ದು ಅವರ ಅಕ್ಷರವನ್ನೇ.

ಕುರ್ಚಿಯನ್ನು ನಾನೇ ಒಳಗಿಟ್ಟು ಹೊರಟೆ. ರತ್ನಮ್ಮ ರಸ್ತೆಯವರೆಗೂ ಬಂದರು. “ಗಾಡಿ ರೆಡಿ ಆದ್ರೆ ಹೇಳಿ ಸಾಮಿ. ಇವಳ ಮದುವೆ ಇದೆ ಕಾರ್ತೀಕಕ್ಕೆ. ಈ ಸಲ ಹೂವು ನಾನೇ ಕಟ್ತೀನಿ. ನೀವು ಮಾತ್ರ ಮುಂದೆ ನಡೀಬೇಡಿ, ಗಾಡೀಲಿ ಕೂತ್ಕೊಳಿ.”

ಮಾಲೂರಿನಲ್ಲಿ ಗೌಸ್ ಭಾಯಿ ನನ್ನ ಬರಿಗೈಯನ್ನು ನೋಡಿದರು. “ಪಟ್ಟಿ ಸಿಗ್ಲಿಲ್ವಾ ಸಾರ್?”

“ಸಿಕ್ತು. ಅದು ಇರಬೇಕಾದ ಕಡೆ ಇದೆ. ನೀವು ಹೊಸ ತಗಡು ಹಾಕಿ, ಈ ಕೊಂಡಿಗಳನ್ನೇ ಕೂರಿಸಿ.”

“ಒಂದು ಕಡೆ ಕಂಪನಿ, ಒಂದು ಕಡೆ ಅಬ್ಬಾ,” ಎಂದು ನಕ್ಕರು. ತಗಡಿನ ಕೆಲಸ ಮುಗಿದ ದಿನ, ಉಜ್ಜಿ ಹೊಳಪಿಸಿದ ಕೊಂಡಿಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಸೇರಿದವು. ಉಳಿದದ್ದು ನನ್ನ ಜೇಬಿನಲ್ಲಿದ್ದದ್ದು. ಸಭೆಗಳಲ್ಲಿ ಎತ್ತಿ ತೋರಿಸಬಹುದೆಂದು, ನಿಜ ಹೇಳುತ್ತೇನೆ, ಅದನ್ನು ಬೇರೆಯಾಗಿ ತೆಗೆದಿಟ್ಟಿದ್ದೆ. ಹೊರತೆಗೆದು ಕೊಟ್ಟೆ.

“ಬೆಂಕಿ ತಾಗಿದ್ರೆ ಈ ಗಂಟು ಸುಟ್ಟುಹೋಗತ್ತೆ, ನೋಡಿ,” ಎಂದರು.

“ಹೋಗಲಿ ಭಾಯಿ. ಹೊಸದು ಕಟ್ಟೋರಿದ್ದಾರೆ.”

ನೀಲಿ ಜ್ವಾಲೆ ತಾಗಿತು. ಹಳೆಯ ದಾರ ಒಮ್ಮೆ ಕೆಂಪಾಗಿ, ಬೂದಿಯಾಗಿ ಉದುರಿತು. ಕೊಂಡಿ ಆರುವವರೆಗೆ ಕಾದು, ಬೆರಳು ಹಾಕಿ ಜೋರಾಗಿ ಎಳೆದು ನೋಡಿದೆ. ಅಲುಗಲಿಲ್ಲ.